ಲೆಕ್ಕಕ್ಕೆ ಎಂಟನೆಯವಳು

ಮೊಮ್ಮಗಳು ಚೈತ್ರಾ ಪಾಸಾದಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಶಕ್ತಿ ನನಗಿಲ್ಲ. ಸುದ್ದಿ ಬಂದ ದಿನ ಹಾಲಿನವನಿಗೆ ಹೇಳಿದೆ, ಗ್ಯಾಸ್ ತಂದವನಿಗೆ ಹೇಳಿದೆ, ರಾಂಗ್ ನಂಬರಿಗೆ ಫೋನ್ ಮಾಡಿದ ಯಾರೋ ಪುಣ್ಯಾತ್ಮನಿಗೂ ಹೇಳಿದೆ. ಅವನು ಪಾಪ, "ಒಳ್ಳೇದಾಗ್ಲಿ ಬಿಡಮ್ಮ" ಅಂದು ಇಟ್ಟುಬಿಟ್ಟ. ಈಗ ಉಳಿದಿರುವವರು ನೀವು.

ಏನು ಪಾಸು ಎಂದು ಕೇಳುತ್ತೀರಿ. ದೊಡ್ಡವರಿಗೆ ಇಂಗ್ಲಿಷ್ ಕಲಿಸುವುದು ಹೇಗೆ ಎಂಬ ತರಬೇತಿ. ಮಕ್ಕಳಿಗಲ್ಲ, ಮೀಸೆ ಬಂದವರಿಗೆ, ಮದುವೆಯಾದವರಿಗೆ, ಲಕ್ಕೂರಿನ ಕಡೆಯ ಕಾರ್ಖಾನೆಗಳಿಗೆ ರಾತ್ರಿ ಪಾಳಿಗೆ ಹೋಗಿಬರುವ ಹೆಂಗಸರಿಗೆ. ಕನ್ನಡವೋ ತೆಲುಗೋ ಬಾಯಲ್ಲಿ ಗಟ್ಟಿಯಾಗಿ ಕೂತ ಮೇಲೆ ಅಲ್ಲೇ ಇನ್ನೊಂದು ಭಾಷೆಗೆ ಸ್ವಲ್ಪ ಸರಿದು ಜಾಗ ಕೊಡಿಸುವ ವಿದ್ಯೆ ಅದು. ಇವಳು ಅದಕ್ಕೆ ಸೇರಿದಾಗ ಮನೆಯವರೆಲ್ಲ ಯಾವುದೋ ಹೊಸ ಕೋರ್ಸು ಬಂದಿದೆ ಎಂದುಕೊಂಡರು. ನಾನು ನಕ್ಕೆ. ಆ ಕೋರ್ಸಿನಲ್ಲಿ ನಾನು ನಲವತ್ತು ವರ್ಷಕ್ಕೂ ಹಿಂದೆಯೇ ಕೂತು ಎದ್ದವಳು. ಕಲಿಸುವ ಕಡೆಯಲ್ಲಲ್ಲ, ಕಲಿಯುವ ಕಡೆಯಲ್ಲಿ. ಅದೂ ಲೆಕ್ಕ ತುಂಬಿಸಲು.

ಇದೆಲ್ಲ ನೆನಪಾದದ್ದು ಒಂದು ಬಟ್ಟೆಯಿಂದ. ಪಾಠಕ್ಕೆ ತೋರಿಸಲು ಹಳೆಯ ಸಾಮಾನು ಏನಾದರೂ ಸಿಗುತ್ತದೆಯೇ ಎಂದು ಚೈತ್ರಾ ನನ್ನ ಟ್ರಂಕನ್ನು ತಲೆಕೆಳಗು ಮಾಡಿದಳು. ತಳದಲ್ಲಿ ಬಣ್ಣ ಹೋದ ಹಸಿರು ಉಣ್ಣೆಯ ತುಂಡೊಂದು ಸಿಕ್ಕಿತು, ಅಂಚಿಗೆಲ್ಲ ಮೊಳೆ ಹೊಡೆದ ತೂತು. ಅದನ್ನು ಬಿಚ್ಚಿದರೆ ಒಳಗೆ ಒಂದು ರಟ್ಟಿನ ಚಿತ್ರ. ದೊಡ್ಡ ಮೀಸೆಯ ಮುದುಕನೊಬ್ಬ ಮಾವಿನಹಣ್ಣು ತಿನ್ನುತ್ತಿದ್ದಾನೆ, ರಸ ಮೊಣಕೈವರೆಗೆ ಇಳಿದಿದೆ. ಹಿಂದೆ ತಿರುಗಿಸಿದರೆ ಬಡಗಿಗಳು ಮರ ಉಜ್ಜುವ ಮರಳು ಕಾಗದದ ಪಟ್ಟಿ.

"ಅಜ್ಜಿ, ಏನಿದು?"

"ಅದು ನನ್ನ ಇಸ್ಕೂಲು ಕಣೇ" ಅಂದೆ.

ನಿಜವಾದ ಇಸ್ಕೂಲಿಗೆ ನಾನು ಹೋದದ್ದು ನಾಲ್ಕನೇ ಕ್ಲಾಸಿನವರೆಗೆ. ನಮ್ಮೂರು ಮಾಲೂರು ತಾಲ್ಲೂಕಿನ ಮಾಸ್ತಿಯ ಹತ್ತಿರ. ರಾಗಿ ಹೊಲ, ಹಿಪ್ಪುನೇರಳೆ ಸೊಪ್ಪು, ಎರಡು ಹಸು, ನನ್ನ ಕೆಳಗೆ ಮೂವರು. ಆಗ ಇಂಗ್ಲಿಷು ಶುರುವಾಗುತ್ತಿದ್ದದ್ದು ಐದನೇ ಕ್ಲಾಸಿನಿಂದ. ಅಂದರೆ ಇಂಗ್ಲಿಷು ಹತ್ತುವ ಸ್ಟಾಪಿಗೆ ಒಂದು ಸ್ಟಾಪು ಮೊದಲೇ ನಾನು ಬಸ್ಸು ಇಳಿದುಬಿಟ್ಟೆ. ಇಳಿದವಳು ನೇರ ಸೊಪ್ಪಿನ ತೋಟಕ್ಕೆ. ರೇಷ್ಮೆ ಹುಳಕ್ಕೆ ಯಾವ ಭಾಷೆಯೂ ಬೇಡ, ಹೊತ್ತಿಗೆ ಸರಿಯಾಗಿ ಸೊಪ್ಪು ಬಿದ್ದರೆ ಸಾಕು.

ಮದುವೆಯಾಗಿ ಬಂದದ್ದು ಶ್ರೀನಿವಾಸಪುರಕ್ಕೆ. ಬಂದ ಮೊದಲ ದಿನವೇ ಗೊತ್ತಾಯಿತು, ಈ ಮನೆಯಲ್ಲಿ ಒಲೆಯೂ ತೆಲುಗಿನಲ್ಲೇ ಉರಿಯುತ್ತದೆ. ನಮ್ಮ ಅತ್ತಮ್ಮನಿಗೆ ಕನ್ನಡ ಚೆನ್ನಾಗಿ ಬರುತ್ತಿತ್ತು. ಸಂತೆಯಲ್ಲಿ, ಆಫೀಸಿನಲ್ಲಿ, ಬಸ್ಸಿನಲ್ಲಿ ಸೊಗಸಾಗಿ ಮಾತಾಡುತ್ತಿದ್ದರು. ಆದರೆ ಸೊಸೆಯ ಹತ್ತಿರ ಒಂದು ಮಾತು ಕನ್ನಡವಿಲ್ಲ. "ಚಾಟ ತೇ" ಅಂದರು. ನಾನು ಪೊರಕೆ ತಂದೆ. ಬೈಯಲಿಲ್ಲ. ತಾವೇ ಎದ್ದು ಹೋಗಿ ಮೊರ ತಂದು ನನ್ನ ಮುಂದೆ ಹಿಡಿದು, "ಚಾಟ" ಅಂದು ಮತ್ತೆ ಅದನ್ನು ಒಳಗೇ ಇಟ್ಟುಬಂದು ಕೂತು, "ಚಾಟ ತೇ" ಅಂದರು. ಮೊರ ಅಂತ ಒಂದೇ ಒಂದು ಸಲ ಅಂದಿದ್ದರೆ ಅವರಿಗೂ ಅಷ್ಟು ಓಡಾಟ ತಪ್ಪುತ್ತಿತ್ತು. ಅನ್ನಲಿಲ್ಲ. ಒಂದು ವರ್ಷ ತುಂಬುವುದರೊಳಗೆ ನಾನು ತೆಲುಗಿನಲ್ಲಿ ಕನಸು ಕಾಣುತ್ತಿದ್ದೆ. ಅತ್ತಮ್ಮನ ಈ ಹಟಕ್ಕೆ ಒಂದು ದೊಡ್ಡ ಹೆಸರಿದೆ, ಅದನ್ನು ಕಲಿಯಲು ಜನ ಕೋಲಾರಕ್ಕೆ ಹೋಗುತ್ತಾರೆ ಎಂದು ಆಮೇಲೆ ನನಗೆ ಗೊತ್ತಾಯಿತು.

ಹಾಗೆ ಕೋಲಾರಕ್ಕೆ ಹೋಗುತ್ತಿದ್ದವಳು ಸುಮಿತ್ರಾ. ಎಪ್ಪತ್ತೆಂಟೋ ಎಪ್ಪತ್ತೊಂಬತ್ತೋ ಇರಬೇಕು, ನನ್ನ ಮಗಳು ಆಗತಾನೆ ಗೋಡೆ ಹಿಡಿದು ನಡೆಯುತ್ತಿದ್ದಳು. ಸುಮಿತ್ರಾ ಮುಳಬಾಗಿಲು ಕಡೆಯ ಹಳ್ಳಿಯ ಹುಡುಗಿ, ಬಿ.ಎ. ಮುಗಿಸಿದವಳು, ನಮ್ಮ ಮನೆಯ ಮುಂದಿನ ಕೋಣೆಗೆ ಬಾಡಿಗೆಗೆ ಬಂದಳು. ವಾರಕ್ಕೆ ಎರಡು ದಿನ ಕೋಲಾರದಲ್ಲಿ ತರಬೇತಿ, ಉಳಿದ ದಿನ ಮಧ್ಯಾಹ್ನ ಮೂರರಿಂದ ನಾಲ್ಕು ನಮ್ಮ ಜಗಲಿಯಲ್ಲಿ ಪಾಠ. ಕಲಿಸುವುದನ್ನು ಕಲಿಯಬೇಕಾದರೆ ಕಲಿಯುವವರು ಬೇಕಲ್ಲ. ಎಂಟು ಜನ ದೊಡ್ಡವರು ಇರಲೇಬೇಕು, ಒಬ್ಬರು ಕಡಿಮೆಯಾದರೂ ಪಾಠ ಲೆಕ್ಕಕ್ಕಿಲ್ಲ ಎಂದು ಅವಳ ಮೇಷ್ಟ್ರ ಕಟ್ಟಪ್ಪಣೆ. ಬೀದಿಯೆಲ್ಲ ಸುತ್ತಿ ಏಳು ಜನರನ್ನು ಹಿಡಿದು ತಂದಳು. ಎಂಟನೆಯವರು ಸಿಗಲಿಲ್ಲ.

ಅತ್ತಮ್ಮ ಒಳಗಿನಿಂದಲೇ ತೆಲುಗಿನಲ್ಲಿ ಕೂಗಿದರು, ನಿಮಗೆ ಕನ್ನಡದಲ್ಲಿ ಹೇಳುತ್ತೇನೆ. "ಜಯಾ, ಪಾಪಾನ ಇಲ್ಲಿ ಕೊಡು. ನೀನು ಹೋಗಿ ಕೂತ್ಕೋ."

"ನಾನಾ? ನಂಗೇನು ಬರುತ್ತೆ?"

"ಕೂತ್ಕೊಳ್ಳೋದು ಬರಲ್ವಾ? ಅಷ್ಟೇ ಬೇಕಾಗಿರೋದು ಅವಳಿಗೆ."

ಹೀಗೆ ನಾನು ವಿದ್ಯಾರ್ಥಿನಿಯಾದೆ.

ಉಳಿದ ಏಳು ಜನ ಹಾಗಲ್ಲ, ಅವರು ಬೇಕೆಂದೇ ಬಂದವರು. ಮುನೆಂಕಟಪ್ಪಣ್ಣನಿಗೆ ಆಗಲೇ ಅರವತ್ತರ ಹತ್ತಿರ, ಊರ ಆಚೆ ಮಾವಿನ ತೋಪು. ಮಂಡಿಗೆ ಹೊರಗಿನ ವ್ಯಾಪಾರಿಗಳು ಬಂದಾಗ ಇವರ ಹಣ್ಣನ್ನು ಕೈಯಲ್ಲಿ ಹಿಡಿದುಕೊಂಡು ಇವರ ಎದುರಿಗೇ ಇಂಗ್ಲಿಷಿನಲ್ಲಿ ಮಾತಾಡಿಕೊಳ್ಳುತ್ತಿದ್ದರಂತೆ. "ನನ್ನ ಹಣ್ಣು ಟೀಚರಮ್ಮ. ಬೈತವ್ರೋ ಹೊಗಳ್ತವ್ರೋ ಅಷ್ಟು ಗೊತ್ತಾದ್ರೆ ಸಾಕು ನಂಗೆ" ಅನ್ನುತ್ತಿದ್ದರು.

ಖಾದರಣ್ಣನದು ಎದುರುಗಡೆ ಹುಣಸೆಮರದ ಕೆಳಗೆ ಮಾವಿನ ಪೆಟ್ಟಿಗೆ ಹೊಡೆಯುವ ಶೆಡ್ಡು. ಪೆಟ್ಟಿಗೆಗಳ ಮೇಲೆ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬಣ್ಣದಿಂದ ಬರೆಯುವವರೂ ಅವರೇ. ಅಕ್ಷರ ಮುತ್ತಿನಂತೆ. ಓದಲು ಒಂದೂ ಬರುತ್ತಿರಲಿಲ್ಲ, ಚೀಟಿಯಲ್ಲಿ ಇದ್ದದ್ದನ್ನು ಚಿತ್ರದ ಹಾಗೆ ನೋಡಿ ಇಳಿಸುತ್ತಿದ್ದರು. ಒಮ್ಮೆ ವ್ಯಾಪಾರಿಯೊಬ್ಬ ವಿಳಾಸದ ಕೆಳಗೆ 'ಈ ಚೀಟಿ ವಾಪಸು ಕೊಡುವುದು' ಎಂದು ಇಂಗ್ಲಿಷಿನಲ್ಲಿ ಬರೆದು ಕೊಟ್ಟಿದ್ದ. ಖಾದರಣ್ಣ ಅದನ್ನೂ ಒಂದು ಲೋಡಿನ ಪೆಟ್ಟಿಗೆಗಳ ಮೇಲೆಲ್ಲ ನೀಟಾಗಿ ಬರೆದು ಕಳಿಸಿದರು. ಬೊಂಬಾಯಿಯವರು ಹಣ್ಣು ತಿಂದು ಪೆಟ್ಟಿಗೆ ವಾಪಸು ಕಳಿಸಬೇಕೇನೋ ಎಂದು ತಲೆಕೆಡಿಸಿಕೊಂಡರಂತೆ. ಅಂದಿನಿಂದ ಖಾದರಣ್ಣನಿಗೆ ಓದು ಕಲಿಯುವ ಹಟ. ಮೂರನೆಯವಳು ಹೂ ಮಾರುವ ಪಾಪಮ್ಮ. ಉಳಿದವರೂ ಇಂಥದೇ ಒಂದೊಂದು ಆಸೆ ಕಟ್ಟಿಕೊಂಡು ಬಂದವರು.

ಜಗಲಿಯಲ್ಲಿ ಕನ್ನಡ ನಿಷಿದ್ಧ. ಮೂರು ಗಂಟೆ ಹೊಡೆಯಿತೆಂದರೆ ಸುಮಿತ್ರಾ ಕನ್ನಡವನ್ನು ಕೋಣೆಯಲ್ಲಿ ಬೀಗ ಹಾಕಿಟ್ಟು ಬರುತ್ತಿದ್ದಳು. ಪಾಠದ ನಡುವೆ ಒಂದು ಮೇಕೆ ಜಗಲಿ ಹತ್ತಿದರೆ ಅದನ್ನೂ ಇಂಗ್ಲಿಷಿನಲ್ಲೇ ಗದರಿದಳು. ಮೇಕೆ ಹೋಗಲಿಲ್ಲ. ಅತ್ತಮ್ಮ ಒಳಗಿನಿಂದ ತೆಲುಗಿನಲ್ಲಿ ಒಂದು ಮಾತು ಅಂದರು, ಹೋಯಿತು.

ಬರೀ ತೋರಿಸಿ ಹೇಳಬೇಕಲ್ಲ, ಅದಕ್ಕೆ ಚಿತ್ರಗಳು ಬೇಕಿತ್ತು. ಹಲಗೆಗೆ ಉಣ್ಣೆಬಟ್ಟೆ ಹೊಡೆದು, ಚಿತ್ರದ ಬೆನ್ನಿಗೆ ಮರಳು ಕಾಗದ ಅಂಟಿಸಿದರೆ ಚಿತ್ರ ಬಟ್ಟೆಗೆ ಕಚ್ಚಿಕೊಳ್ಳುತ್ತದೆ, ಬೇಕಾದಾಗ ಕಿತ್ತು ಬೇರೆ ಕಡೆ ಇಡಬಹುದು ಎಂದು ಕೋಲಾರದಲ್ಲಿ ಹೇಳಿಕೊಟ್ಟಿದ್ದರಂತೆ. ಹಲಗೆ, ಮರಳು ಕಾಗದ ಖಾದರಣ್ಣನದು. ಬಟ್ಟೆ ನನ್ನ ಬಾಣಂತನದ ಹಸಿರು ಶಾಲು. ಚಿತ್ರಗಳನ್ನು ಸುಮಿತ್ರಾ ತಾನೇ ಬರೆದಳು. ಮಾವಿನಹಣ್ಣು ತಿನ್ನುವ ಮುದುಕನಿಗೆ ಮುನೆಂಕಟಪ್ಪಣ್ಣನ ಮೀಸೆಯನ್ನೇ ಇಟ್ಟಳು. ಅವರು ಅದನ್ನು ಬಹಳ ಹೊತ್ತು ನೋಡಿ, "ಮೀಸೆ ಒಂದ್ ಚೂರು ಜಾಸ್ತಿ ಬಿಳೀ ಆಯ್ತು" ಅಂದರು.

ಮೂರು ತಿಂಗಳು ಚೆನ್ನಾಗಿಯೇ ನಡೆಯಿತು. ಆಮೇಲೆ ಕೋಲಾರದಿಂದ ಅವಳ ದೊಡ್ಡ ಮೇಷ್ಟ್ರು ಪಾಠ ನೋಡಲು ಬಂದರು. ತೆಳ್ಳಗಿನ ಮನುಷ್ಯ, ಕಂಕುಳಲ್ಲಿ ಕೊಡೆ, ಕೈಯಲ್ಲಿ ಪುಸ್ತಕ. ಸುಮಿತ್ರಾ ಒಂದೊಂದೇ ಪ್ರಶ್ನೆ ಕೇಳಿದಳು. ಎಂಟು ಜನರಲ್ಲಿ ಒಬ್ಬರೂ ಬಾಯಿ ಬಿಡಲಿಲ್ಲ. ಬರುತ್ತಿರಲಿಲ್ಲವೆಂದಲ್ಲ. ಹೊರಗಿನ ದೊಡ್ಡವರು ಎದುರಿಗೆ ಕೂತಿರುವಾಗ ಮುಂದೆ ಬಿದ್ದು ಮಾತಾಡಬಾರದು, ನಮ್ಮಲ್ಲಿ ಹಿರಿಯರು ಮೊದಲು ಬಾಯಿ ತೆರೆಯಲಿ ಎಂದು ನಾವೆಲ್ಲ ಮುನೆಂಕಟಪ್ಪಣ್ಣನ ಮುಖ ನೋಡಿದೆವು. ಅವರೋ, ಬಂದವರು ಮೊದಲು ಏನಾದರೂ ಅನ್ನಲಿ ಎಂದು ತಲೆಯ ಮೇಲಿನ ಜಂತೆ ನೋಡುತ್ತ ಕೂತರು. ಬಂದವರು ಪಾಠ ನೋಡಲು ಬಂದವರು, ಅವರು ಏಕೆ ಮಾತಾಡಿಯಾರು? ಒಂದು ಗಂಟೆ ಹೀಗೇ ಕಳೆಯಿತು. ಮೇಷ್ಟ್ರು ಪುಸ್ತಕದಲ್ಲಿ ಒಂದು ಸಾಲು ಬರೆದು ಎದ್ದರು. ಕಲಿಯುವವರು ಮಾತೇ ಆಡುವುದಿಲ್ಲ, ಹದಿನೈದು ದಿನ ಬಿಟ್ಟು ಬರುತ್ತೇನೆ, ಅದೇ ಕೊನೆ ಎಂದು ಅದರ ಅರ್ಥ.

ಸುಮಿತ್ರಾ ಆ ಸಂಜೆ ಬಾಗಿಲು ಹಾಕಿಕೊಂಡಳು. ಅತ್ತಮ್ಮ ಗೋಡೆಗೆ ಕಿವಿಕೊಟ್ಟು, "ಏಡುಸ್ತಾ ಉಂದಿ" ಅಂದರು. ಅಳುತ್ತಿದ್ದಾಳೆ. ಕಾಫಿ ತೆಗೆದುಕೊಂಡು ನಾನೇ ಒಳಗೆ ಹೋದೆ. ಅವಳ ಮಡಿಲಲ್ಲಿ ಅಪ್ಪನ ಇನ್‌ಲ್ಯಾಂಡ್ ಲೆಟರು.

"ಜಯಕ್ಕ, ಅಪ್ಪ ಒಂದೇ ವರ್ಷ ಬಿಟ್ಟಿರೋದು. ಪಾಸಾದ್ರೆ ಕೆಲಸಕ್ಕೆ ಹೋಗು, ಇಲ್ದಿದ್ರೆ ಬಂದುಬಿಡು, ಗಂಡಿನ ಕಡೆಯೋರು ಕಾಯ್ತಾ ಅವ್ರೆ ಅಂತ ಬರೆದವ್ರೆ."

"ಹುಡುಗ ಹೆಂಗವ್ನೆ?"

"ಹುಡುಗ ಹೆಂಗಿದ್ರೆ ಏನಕ್ಕ. ನಂಗೆ ಇದು ಬೇಕು. ಖಾದರಣ್ಣ ಮೊನ್ನೆ ಪೆಟ್ಟಿಗೆ ಮೇಲೆ ಬರೆದಿದ್ದನ್ನ ತಾವೇ ಓದಿದ್ರಲ್ಲ, ಆಗ ಅವರ ಮುಖ ನೋಡಿದ್ರಾ ನೀವು?"

ನೋಡಿದ್ದೆ. ಕಾಫಿ ಅವಳ ಕೈಗೆ ಕೊಟ್ಟು ಎದ್ದುಬಂದೆ.

ಈಗ ನಾನು ಮಾಡಿದ ಘನಕಾರ್ಯ ಹೇಳುತ್ತೇನೆ. ಅವಳ ಕೋಣೆಗೂ ನಮ್ಮ ಅಡುಗೆಮನೆಗೂ ನಡುವೆ ಒಂದೇ ಗೋಡೆ, ಮೇಲೆ ಗಾಳಿಗೆಂದು ಬಿಟ್ಟ ಕಿಂಡಿ. ಕೊನೆಯ ಪಾಠವನ್ನು ಅವಳು ದಿನಾ ಬೆಳಿಗ್ಗೆ ಗೋಡೆಗೆ ಹೇಳಿ ಅಭ್ಯಾಸ ಮಾಡುತ್ತಿದ್ದಳು. ಪ್ರಶ್ನೆಗೆ ಒಂದು ದನಿ, ಉತ್ತರಕ್ಕೆ ಇನ್ನೊಂದು. ಗೋಡೆಯ ಈ ಕಡೆ ರುಬ್ಬುತ್ತ ಕೂತ ನನಗೆ ಎರಡೂ ಬಾಯಿಪಾಠವಾಯಿತು. ಎಂಟು ಚಿತ್ರ, ಎಂಟು ಉತ್ತರ. ಅವನು ಮಾವಿನಹಣ್ಣು ತಿನ್ನುತ್ತಿದ್ದಾನೆ. ಅವಳು ನೀರು ಸೇದುತ್ತಿದ್ದಾಳೆ. ಮೇಕೆ ಸೊಪ್ಪು ತಿನ್ನುತ್ತಿದೆ. ಹೀಗೆ ಹೋಗಿ ಏಳನೆಯದು ಬಸ್ಸು ಬರುತ್ತಿದೆ, ಎಂಟನೆಯದು ಅವನು ಮಲಗಿದ್ದಾನೆ. ಎಲ್ಲ ಇಂಗ್ಲಿಷಿನಲ್ಲಿ. ಅವಳು ತರಬೇತಿಗೆಂದು ಕೋಲಾರದ ಬಸ್ಸು ಹತ್ತಿದ್ದೇ ತಡ, ಏಳು ಜನರನ್ನೂ ಖಾದರಣ್ಣನ ಶೆಡ್ಡಿಗೆ ಕರೆದೆ.

ಪೆಟ್ಟಿಗೆಯ ಮುಚ್ಚಳದ ಮೇಲೆ ಎಂಟು ಹುಣಸೆಬೀಜ ಸಾಲಾಗಿ ಇಟ್ಟೆ. "ಇದು ಮುನೆಂಕಟಪ್ಪಣ್ಣ, ಇದು ಖಾದರಣ್ಣ, ಇದು ಪಾಪಮ್ಮ. ಕಡೇದು ನಾನು. ನಾವು ಕೂರೋದು ಹಿಂಗೇ, ಅವಳು ಕೇಳೋದೂ ಹಿಂಗೇ. ಒಬ್ಬೊಬ್ಬರಿಗೆ ಒಂದೇ ಉತ್ತರ. ಅದನ್ನ ಮಾತ್ರ ಗಟ್ಟಿ ಮಾಡಿ. ಹಿರಿಯರು ಮೊದಲಾಗೋಯ್ತು, ಇನ್ಯಾರೂ ಕಾಯೋದು ಬೇಡ."

"ಇದು ಮೋಸ ಆಗಲ್ವೇನಮ್ಮ?" ಅಂದರು ಖಾದರಣ್ಣ.

"ಮದುವೆ ಮಂತ್ರ ಪುರೋಹಿತರು ಮೊದಲೇ ಕಲಿತು ಬರಲ್ವಾ? ಅದು ಮೋಸಾನಾ?" ಅಂದೆ. ಆ ಮಾತು ಆಗ ಬಹಳ ಸರಿಯಾಗಿ ಕಂಡಿತು.

ಎರಡು ದಿನ ಬಾಯಿ ನೋಯುವಂತೆ ಹೇಳಿಸಿದೆ. ಪಾಪಮ್ಮ ಹೂ ಕಟ್ಟುತ್ತ ಹೇಳಿಕೊಂಡಳು, ಮುನೆಂಕಟಪ್ಪಣ್ಣ ಎತ್ತಿಗೆ ನೀರು ಕುಡಿಸುತ್ತ ಹೇಳಿಕೊಂಡರು. ತಪ್ಪಿದವರಿಗೆ ನಾನು ಕೈಯೆತ್ತಿ ಗದರುತ್ತಿದ್ದೆ. ನಾಲ್ಕನೇ ಕ್ಲಾಸಿನವಳಿಗೆ ಎಷ್ಟು ಬೇಗ ಮೇಷ್ಟ್ರ ಗತ್ತು ಬಂದುಬಿಡುತ್ತದೆ ನೋಡಿ.

ಆ ದಿನ ಬಂತು. ಏಪ್ರಿಲ್ ಬಿಸಿಲು. ನಾವು ಎಂಟೂ ಜನ ಹುಣಸೆಬೀಜದ ಹಾಗೆ ಸಾಲಾಗಿ ಕೂತೆವು. ದೊಡ್ಡ ಮೇಷ್ಟ್ರು ಬಸ್‌ಸ್ಟ್ಯಾಂಡಿನಿಂದ ನಡೆದು ಬೆವರಿಳಿಸುತ್ತ ಬಂದರು. ಅವರಿಗೆಂದು ಹಾಕಿದ್ದ ಕುರ್ಚಿಗೆ ಬಿಸಿಲು ಬಡಿಯುತ್ತಿತ್ತು. ಜಗಲಿಯಲ್ಲಿ ತಂಪು ಇದ್ದದ್ದು ಒಂದೇ ಕಡೆ, ಕಂಬದ ಪಕ್ಕ, ಮುನೆಂಕಟಪ್ಪಣ್ಣ ಕೂತಿದ್ದ ಜಾಗದಲ್ಲಿ. ಅವರು ತಟ್ಟನೆ ಎದ್ದರು.

"ಸ್ವಾಮಿ, ಇಲ್ಲಿ ಬನ್ನಿ. ನೆರಳಲ್ಲಿ ಕೂತ್ಕೊಳ್ಳಿ."

"ಪರವಾಗಿಲ್ಲ, ನೀವು ಕೂತ್ಕೊಳ್ಳಿ."

"ಅದೆಂಗಾಯ್ತದೆ? ಬಿಸಿಲಲ್ಲಿ ಬಂದೋರ್ನ ಬಿಸಿಲಲ್ಲೇ ಕೂರ್ಸಿದ್ರು ಅಂತ ನಮ್ಮೂರಿಗೆ ಹೆಸರು ಬರ್ಲಾ?"

ಕುರ್ಚಿಯನ್ನು ತಾವೇ ಎತ್ತಿ ನೆರಳಿಗೆ ಹಾಕಿ, ಮೇಷ್ಟ್ರನ್ನು ಕೂರಿಸಿ, ತಾವು ಸಾಲಿನ ಆ ತುದಿಗೆ ಹೋಗಿ ನನ್ನ ಪಕ್ಕ ಕೂತರು. ನಾನಿಟ್ಟ ಹುಣಸೆಬೀಜದ ಸಾಲು ಒಂದೊಂದು ಜಾಗ ಸರಿದುಹೋಯಿತು. ಕಣ್ಣಿನಲ್ಲೇ ಖಾದರಣ್ಣನಿಗೆ ಸನ್ನೆ ಮಾಡಿದೆ. ಅವರು ಉತ್ತರವನ್ನು ತುಟಿಯಲ್ಲಿ ಹೇಳಿಕೊಳ್ಳುತ್ತಿದ್ದರು, ನನ್ನನ್ನು ನೋಡಲೇ ಇಲ್ಲ.

ಸುಮಿತ್ರಾ ಮೊದಲನೆಯ ಚಿತ್ರ ಅಂಟಿಸಿದಳು. ಮಾವಿನಹಣ್ಣು ತಿನ್ನುವ ಮುದುಕ. ಇವನು ಏನು ಮಾಡುತ್ತಿದ್ದಾನೆ ಎಂದು ಈಗ ಸಾಲಿನ ಮೊದಲಲ್ಲಿದ್ದ ಖಾದರಣ್ಣನನ್ನು ಕೇಳಿದಳು. ಅವರು ಎದ್ದು, ಟೋಪಿ ಸರಿಮಾಡಿಕೊಂಡು, ಗಟ್ಟಿಯಾಗಿ ಹೇಳಿದರು. "ಶಿ ಈಸ್ ಡ್ರಾಯಿಂಗ್ ವಾಟರ್."

ನೀರು ಸೇದುವ ಹೆಂಗಸಿನ ಚಿತ್ರಕ್ಕೆ ಪಾಪಮ್ಮ ಮೇಕೆ ಸೊಪ್ಪು ತಿನ್ನುತ್ತಿದೆ ಅಂದಳು. ಅಲ್ಲಿಂದ ಮುಂದಕ್ಕೆ ಯಾರಿಗೂ ತಡೆಯಲಾಗಲಿಲ್ಲ. ಯಾರ ದನಿಯೂ ನಡುಗಲಿಲ್ಲ, ಯಾರೂ ಚಿತ್ರದ ಕಡೆ ತಿರುಗಿಯೂ ನೋಡಲಿಲ್ಲ. ನಾನಾದರೂ ನೋಡಿ ಹೇಳಬಹುದಿತ್ತು, ಎಂಟೂ ಉತ್ತರ ನನಗೆ ಬರುತ್ತಿತ್ತು. ಆದರೆ ಸರದಿ ಬಂದಾಗ ಕಾಲು ತಾನೇ ಎದ್ದಿತು, ಬಾಯಿ ತಾನೇ ತೆರೆಯಿತು. ಬಸ್ಸು ಬರುತ್ತಿರುವ ಚಿತ್ರದ ಮುಂದೆ ನಿಂತು, "ಹಿ ಈಸ್ ಸ್ಲೀಪಿಂಗ್" ಅಂದೆ. ಡ್ರೈವರನ ಬಗ್ಗೆ ಹೇಳಿದೆ ಎಂದು ಬೇಕಾದರೆ ಇಟ್ಟುಕೊಳ್ಳಿ. ಕೊನೆಗೆ ಮಲಗಿದ ಮನುಷ್ಯನ ಚಿತ್ರ ಬಂತು. ಮುನೆಂಕಟಪ್ಪಣ್ಣ ಮೀಸೆ ಸವರಿ, "ಹಿ ಈಸ್ ಈಟಿಂಗ್ ಎ ಮ್ಯಾಂಗೋ" ಎಂದು ಮುಗಿಸಿದರು.

ಮೇಷ್ಟ್ರು ಪುಸ್ತಕ ಮುಚ್ಚಿದರು. ಆಮೇಲೆ ಕನ್ನಡದಲ್ಲೇ ಹೇಳಿದರು, "ನಿಮ್ಮೂರಲ್ಲಿ ನಿದ್ದೇಲೂ ಮಾವಿನಹಣ್ಣು ತಿಂತಾರೆ ಅಂತ ಇವತ್ತು ಗೊತ್ತಾಯ್ತು." ಆಮೇಲೆ ಸುಮಿತ್ರಾಳ ಕಡೆ ತಿರುಗಿದರು, ದನಿಯಲ್ಲಿ ನಗೆ ಇರಲಿಲ್ಲ. "ಹೋದ ಸಲ ಮಾತಾಡಲಿಲ್ಲ ಅಂತ ಈ ಸಲ ಉರು ಹೊಡೆಸಿ ಕೂರಿಸಿದ್ದೀರಾ? ಇದು ಪಾಠ ಅಲ್ಲಮ್ಮ, ನಾಟಕ. ನನಗೆ ಇದು ನಿಮ್ಮಿಂದ ಬೇಕಿರಲಿಲ್ಲ."

ಸುಮಿತ್ರಾ ಹಲಗೆಯ ಕಡೆಯಿಂದ ನಮ್ಮ ಕಡೆ ತಿರುಗಿದಳು. ಅವಳಿಗೆ ಏನೊಂದೂ ಗೊತ್ತಿರಲಿಲ್ಲವಲ್ಲ. ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡುತ್ತ ಬಂದು ನನ್ನ ಹತ್ತಿರ ನಿಂತಳು. ಫೇಲಾಗುವುದು ಒಂದು ಕಡೆ ಇರಲಿ, ಮೋಸಗಾತಿ ಅನ್ನಿಸಿಕೊಂಡು ಊರಿಗೆ ಹೋಗುತ್ತಾಳೆ ಇವಳು, ಅದೂ ನನ್ನಿಂದ ಎಂದು ಆಗ ಹೊಳೆಯಿತು.

ಎದ್ದು ನಿಂತೆ. "ಸಾರ್, ಅವಳಿಗೆ ಗೊತ್ತಿಲ್ಲ. ಕಲ್ಸಿದ್ದು ನಾನು."

"ನೀವಾ? ನೀವು ಎಷ್ಟು ಓದಿದ್ದೀರಿ?"

"ನಾಲ್ಕನೇ ಕ್ಲಾಸು. ಇವಳು ಗೋಡೆಗೆ ಹೇಳ್ಕೊಳ್ಳೋದು ಕೇಳಿಸ್ಕೊಂಡೆ. ಇವಳು ಕೋಲಾರಕ್ಕೆ ಹೋದಾಗ ಆ ಶೆಡ್ಡಲ್ಲಿ ಇವರಿಗೆಲ್ಲ ಹೇಳ್ಕೊಟ್ಟೆ. ಇವಳು ಪಾಸಾಗ್ಲಿ ಅಂತ. ಹಾಕೋದಾದ್ರೆ ನಂಗೆ ಫೇಲು ಹಾಕಿ."

"ನಿಮಗೆ ಹಾಕೋಕೆ ನೀವು ನನ್ನ ಲಿಸ್ಟಲ್ಲಿ ಇಲ್ವಲ್ಲಮ್ಮ."

"ನಾವೂ ಕಲಿತ್ವಿ ಸ್ವಾಮಿ. ತಪ್ಪಿಗೆ ನಾವೂ ಪಾಲುದಾರರು" ಅಂದರು ಮುನೆಂಕಟಪ್ಪಣ್ಣ, ಕೂತಲ್ಲಿಂದಲೇ.

ಮೇಷ್ಟ್ರು ಗಡಿಯಾರ ನೋಡಿದರು. "ಇನ್ನೂ ಇಪ್ಪತ್ತು ನಿಮಿಷ ಇದೆ. ಆ ಹಲಗೆ ತೆಗೆದಿಡಿ. ಇವರು ಉರು ಹೊಡೆಯದೇ ಇರೋದನ್ನ ಏನಾದ್ರೂ ಕಲಿಸಿ, ನೋಡ್ತೀನಿ."

ಸುಮಿತ್ರಾ ಹಲಗೆ ಗೋಡೆಗೆ ಆನಿಸಿ ಬರಿಗೈಯಲ್ಲಿ ನಿಂತಳು. ಏನೂ ತೋಚಲಿಲ್ಲ ಅವಳಿಗೆ. ಅಷ್ಟರಲ್ಲಿ ಒಳಗಿನಿಂದ ಅತ್ತಮ್ಮ ಬಂದರು. ಜಗಲಿಯಲ್ಲಿ ಪಾಠವೋ ಪಂಚಾಯಿತಿಯೋ ಅವರಿಗೆ ಬೇಕಿಲ್ಲ. ಬಿಸಿಲಲ್ಲಿ ಬಂದವರು ಕೂತು ಇಷ್ಟು ಹೊತ್ತಾಯಿತು, ಬಾಯಿಗೆ ಏನೂ ಕೊಟ್ಟಿಲ್ಲ ಎಂಬುದೊಂದೇ ಅವರ ಚಿಂತೆ. ಒಂದು ಕೈಯಲ್ಲಿ ಈಳಿಗೆಮಣೆ, ಇನ್ನೊಂದರಲ್ಲಿ ತಟ್ಟೆ. ತಟ್ಟೆಯಲ್ಲಿ ನಾಲ್ಕು ತೋತಾಪುರಿ ಕಾಯಿ, ಉಪ್ಪು, ಖಾರದಪುಡಿ. ಮಧ್ಯದಲ್ಲಿ ಕೂತು ಕರಕ್ಕನೆ ಕತ್ತರಿಸತೊಡಗಿದರು.

ಎಂಟು ಜನ ಉರು ಹೊಡೆದವರ ನಡುವೆ ಏನೂ ಗೊತ್ತಿಲ್ಲದವರು ಅವರೊಬ್ಬರೇ.

ಸುಮಿತ್ರಾ ಅವರ ಎದುರಿಗೆ ನೆಲದ ಮೇಲೆ ಕೂತಳು. ಅಂಗೈ ಚಾಚಿ, ಇಂಗ್ಲಿಷಿನಲ್ಲಿ ಉಪ್ಪು ಕೊಡಿ ಅಂದಳು, ಕಣ್ಣು ಉಪ್ಪಿನ ಮೇಲೆ. ಅತ್ತಮ್ಮ ಒಂದು ಗಳಿಗೆ ಅವಳನ್ನು ನೋಡಿದರು. ಉಪ್ಪು ಕೊಟ್ಟರು. ಸುಮಿತ್ರಾ ಅದನ್ನು ಮತ್ತೆ ತಟ್ಟೆಯಲ್ಲೇ ಇಟ್ಟು, ಮಾವಿನ ಹೋಳು ಕೊಡಿ ಅಂದಳು. ಕೊಟ್ಟರು. ಅದನ್ನೂ ವಾಪಸಿಟ್ಟು, ಈಗ ನೀವು ಕೇಳಿ ಎಂಬಂತೆ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. ಇದು ಮೊರ ತಂದು ತೋರಿಸಿ ಒಳಗಿಟ್ಟುಬಂದವರ ವಿದ್ಯೆ, ಅವರ ಎದುರಿಗೇ ಬಂದು ಕೂತಿತ್ತು. ಅವರಿಗೂ ಗುರುತು ಹತ್ತಿತೇನೋ, ತುಟಿಯಂಚಿನಲ್ಲಿ ನಕ್ಕು, ಅಂಗೈ ಚಾಚಿ, "ಗಿವ್ ಮಿ ಸಾಲ್ಟ್" ಅಂದರು.

ಮೇಷ್ಟ್ರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು.

ಅತ್ತಮ್ಮ ಅಷ್ಟಕ್ಕೇ ನಿಲ್ಲುವವರೇ? ಕತ್ತರಿಸಿದ ಹೋಳುಗಳನ್ನು ಒಂದು ಚಿಕ್ಕ ತಟ್ಟೆಗೆ ಹಾಕಿ ಮೇಷ್ಟ್ರಿಗೆ ಕೊಟ್ಟರು. ಅವರು ತಿಂದು ಮುಗಿಸುವುದನ್ನೇ ಕಾದು ಅವರ ಕಡೆಯೂ ಕೈ ಚಾಚಿ, "ಗಿವ್ ಮಿ ಪ್ಲೇಟ್" ಅಂದರು. ದೊಡ್ಡ ಮೇಷ್ಟ್ರು ಶಾಲೆಯ ಹುಡುಗನಂತೆ ಎದ್ದು ತಟ್ಟೆ ಕೊಟ್ಟರು.

ಸುಮಿತ್ರಾಳಿಗೆ ಈಗ ದನಿ ಬಂದಿತ್ತು. ಮತ್ತೆ ಈಳಿಗೆಮಣೆಗೆ ಕೂತ ಅತ್ತಮ್ಮನನ್ನು ತೋರಿಸಿ, ಇವರು ಏನು ಮಾಡುತ್ತಿದ್ದಾರೆ ಎಂದು ಎಲ್ಲರನ್ನೂ ಕೇಳಿದಳು. ಸರದಿಯಿಲ್ಲ, ಹುಣಸೆಬೀಜವಿಲ್ಲ. ಮುನೆಂಕಟಪ್ಪಣ್ಣ ಆ ದಿನ ಮೊದಲ ಸಲ ಎದುರಿಗಿದ್ದದ್ದನ್ನು ಕಣ್ಣಿಟ್ಟು ನೋಡಿದರು. ಹಣೆಯ ಮೇಲೆ ಬೆವರು. ನಿಧಾನವಾಗಿ, ಒಂದೊಂದೇ ಮಾತು ಹುಡುಕಿ, "ಶಿ... ಈಸ್... ಕಟಿಂಗ್... ಮ್ಯಾಂಗೋ" ಅಂದರು. ಅಂದು ತಾವೇ ಬೆಚ್ಚಿ ಸುತ್ತ ನೋಡಿದರು, ಹೇಳಿದ್ದು ಬೇರೆ ಯಾರೋ ಎಂಬಂತೆ.

ಮೇಷ್ಟ್ರು ಪುಸ್ತಕದಲ್ಲಿ ಬರೆಯುತ್ತಲೇ ಕೇಳಿದರು, "ಈ ಅಮ್ಮನಿಗೆ ಇದಕ್ಕೆ ಮೊದಲು ಯಾರಾದ್ರೂ ಇಂಗ್ಲಿಷ್ ಹೇಳಿಕೊಟ್ಟಿದ್ರಾ?"

ಅತ್ತಮ್ಮನೇ ಉತ್ತರ ಕೊಟ್ಟರು, ಕನ್ನಡದಲ್ಲಿ. "ಇದೇನು ಹೊಸದಾ ಸ್ವಾಮಿ? ನಮ್ಮನೆ ಸೊಸೆಗೆ ನಾನು ತೆಲುಗು ಕಲ್ಸಿದ್ದೂ ಹಿಂಗೇ. ಅವಳು ಮೊದಲ್ನೇ ದಿನ ಪೊರಕೆ ತಂದ್ಲು."

ಎಲ್ಲರೂ ನನ್ನ ಕಡೆ ನೋಡಿ ನಕ್ಕರು. ಅಷ್ಟು ಸಂತೋಷದಿಂದ ನಾನು ಯಾವತ್ತೂ ಅವಮಾನ ಪಟ್ಟಿಲ್ಲ.

ಸುಮಿತ್ರಾ ಪಾಸಾದಳು. ಮೊದಲ ಸಲ ಮೇಷ್ಟ್ರು ಪುಸ್ತಕದಲ್ಲಿ ಬರೆದ ಸಾಲು ಹಾಗೇ ಉಳಿಯಿತಂತೆ, ಆದರೆ ಪಾಸಾದಳು. ಮುಳಬಾಗಿಲಲ್ಲೇ ಕೆಲಸ ಸಿಕ್ಕಿತು. ಹೋಗುವ ದಿನ ಹಲಗೆಯಿಂದ ಶಾಲು ಕಿತ್ತು ವಾಪಸು ಕೊಟ್ಟಳು, ಅದರೊಳಗೆ ಮುದುಕನ ಚಿತ್ರ ಇಟ್ಟು. "ಶಾಲು ತೂತಾಗೋಯ್ತು ಜಯಕ್ಕ" ಅಂದಳು. "ಬಾಣಂತನಕ್ಕೆ ಇನ್ನೊಂದು ಕೊಡಿಸ್ತಾರೆ ಬಿಡು" ಅಂದೆ. ಕೊಡಿಸಲಿಲ್ಲ, ಅದು ಬೇರೆ ಕಥೆ.

ಎಂಬತ್ತರ ದಶಕದುದ್ದಕ್ಕೂ ಅವಳ ಕಾಗದ ಬರುತ್ತಿತ್ತು. ಇಂಗ್ಲಿಷಿನಲ್ಲಿ, ದೊಡ್ಡ ದೊಡ್ಡ ಅಕ್ಷರದಲ್ಲಿ, ನಮ್ಮ ಜಗಲಿಯ ಮಾತುಗಳಲ್ಲೇ. ಮದುವೆ ತಡವಾಗಿ ಆಯಿತು, ಅವಳ ಇಷ್ಟದಂತೆ. ಮಗಳು ಹುಟ್ಟಿದಾಗ ಬರೆದದ್ದು ನನಗೆ ಇವತ್ತಿಗೂ ಬಾಯಿಪಾಠ. ನನಗೆ ಮಗಳು ಹುಟ್ಟಿದ್ದಾಳೆ. ಅವಳು ಅಳುತ್ತಿದ್ದಾಳೆ. ಅವಳಪ್ಪ ಮಲಗಿದ್ದಾನೆ. ನಾನು ಮಲಗಿಲ್ಲ. ಖಾದರಣ್ಣ ಅದನ್ನು ಶೆಡ್ಡಿನಲ್ಲಿ ಎಲ್ಲರಿಗೂ ಓದಿ ಹೇಳಿದರು, ಒಂದು ಅಕ್ಷರ ತಡವರಿಸದೆ. ಮುನೆಂಕಟಪ್ಪಣ್ಣ ಮಾತ್ರ, "ಮಾವಿನಹಣ್ಣು ಯಾರೂ ತಿಂತಾ ಇಲ್ವಾ?" ಎಂದು ಕೇಳಿದರು. ಮುಂದಿನ ಬಸ್ಸಿಗೆ ಒಂದು ಪೆಟ್ಟಿಗೆ ಬಾದಾಮಿ ಮಾವಿನಹಣ್ಣು ಮುಳಬಾಗಿಲಿಗೆ ಹೋಯಿತು. ವ್ಯಾಪಾರಿಗಳು ತಮ್ಮ ಹಣ್ಣಿನ ಬಗ್ಗೆ ಏನು ಮಾತಾಡಿಕೊಳ್ಳುತ್ತಾರೆ ಎಂಬುದೂ ಅವರಿಗೆ ಅಷ್ಟರಲ್ಲಿ ತಿಳಿದಿತ್ತು. ಹೊಗಳುತ್ತಿದ್ದರಂತೆ, ಬೆಲೆ ಇಳಿಸಲು ಮುಖ ಮಾತ್ರ ಗಂಟು ಹಾಕುತ್ತಿದ್ದರಂತೆ. ಮುನೆಂಕಟಪ್ಪಣ್ಣ, ಖಾದರಣ್ಣ, ನಮ್ಮ ಅತ್ತಮ್ಮ, ಆ ಮೂವರೂ ಈಗಿಲ್ಲ. ಹುಣಸೆಮರವೂ ಇಲ್ಲ.

ಈಗ ಚೈತ್ರಾಳ ವಿಷಯಕ್ಕೆ ಬರುತ್ತೇನೆ. ಅವಳ ಕೊನೆಯ ಪಾಠ ಮಾಲೂರಿನಲ್ಲಿ. ಹಿಂದಿನ ದಿನ ಫೋನು.

"ಅಜ್ಜಿ, ಎಂಟು ಜನ ಬೇಕು. ಏಳೇ ಜನ ಇದ್ದಾರೆ. ಒಬ್ರು ಬಸ್ರಿ, ಊರಿಗೆ ಹೋಗ್ಬಿಟ್ರು. ನೀನು ಬಂದು ಕೂತ್ಕೋತೀಯಾ?"

ಫೋನು ಕಿವಿಗಿಟ್ಟುಕೊಂಡೇ ಕುರ್ಚಿ ಎಳೆದು ಕೂತೆ. ಅವಳು ಹೆದರಿ, "ಅಜ್ಜಿ, ಇದೀಯಾ?" ಅಂದಳು.

"ಇದೀನಿ ಕಣೇ. ಕೂತ್ಕೊಳ್ಳೋದು ನಂಗೆ ಬರುತ್ತೆ."

"ಒಂದೇ ಮಾತು. ನೀನು ಏನೂ ಕಲ್ತ್ಕೊಂಡು ಬರ್ಬಾರ್ದು. ಯಾರಿಗೂ ಏನೂ ಹೇಳ್ಕೊಡ್ಬಾರ್ದು. ನಿನ್ನ ಕಥೆ ಗೊತ್ತು ನಂಗೆ."

ಹೊಸ ಸೀರೆ ಉಟ್ಟು ಮೊದಲ ಬಸ್ಸಿಗೇ ಹೋದೆ. ಲಕ್ಕೂರಿನ ಕಡೆಯ ಏಳು ಹೆಂಗಸರು, ಪಾಳಿ ಮುಗಿಸಿ ನೇರ ಬಂದವರು, ಕಣ್ಣಲ್ಲಿ ನಿದ್ದೆ. ಹಿಂದೆ ಅವಳ ಮೇಡಂ ಪೆನ್ನು ಹಿಡಿದು ಕೂತಿದ್ದರು. ಚೈತ್ರಾ ನನ್ನ ಹಳೆಯ ಶಾಲನ್ನು ಒಂದು ಹಲಗೆಗೆ ಬಿಗಿದಿದ್ದಳು. ಮುದುಕನ ಚಿತ್ರ ತೆಗೆದು ಅದರ ಮೇಲೆ ಒತ್ತಿದಳು. ಬಿತ್ತು. ಮತ್ತೆ ಒತ್ತಿದಳು. ಮತ್ತೆ ಬಿತ್ತು. ಮರಳೆಲ್ಲ ಉದುರಿಹೋಗಿ ಎಷ್ಟೋ ಕಾಲವಾಗಿತ್ತು. ಮೇಡಂ ಏನೋ ಬರೆದುಕೊಂಡರು. ನನ್ನ ಮೊಮ್ಮಗಳು ಬಿದ್ದ ಚಿತ್ರವನ್ನು ಕೈಯಲ್ಲಿ ಹಿಡಿದು ನಿಂತಳು. ಅದೇ ಮುಖ, ಸುಮಿತ್ರಾಳದು.

ಎದ್ದು ಹೋದೆ. ಚಿತ್ರವನ್ನು ಬಟ್ಟೆಗೆ ಆನಿಸಿ ಅಂಗೈಯಿಂದ ಒತ್ತಿ ಹಿಡಿದುಕೊಂಡು ಪಕ್ಕಕ್ಕೆ ನಿಂತೆ. ಅವಳು ಒಂದು ಸಲ ನನ್ನ ಮುಖ ನೋಡಿ, ಎಲ್ಲರ ಕಡೆ ತಿರುಗಿ ಪ್ರಶ್ನೆ ಕೇಳಿದಳು.

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು, ನಲವತ್ತು ವರ್ಷದಿಂದ ಅಲ್ಲೇ ಇತ್ತು. ಹಲ್ಲು ಕಚ್ಚಿ ಹಿಡಿದೆ. ಎಲ್ಲರೂ ನನ್ನ ಕಡೆಯೇ ನೋಡುತ್ತಿದ್ದರು, ವಯಸ್ಸಾದವಳು ಮೊದಲು ಹೇಳಲಿ ಎಂದು. ನಾನು ಜಂತೆ ನೋಡಲಿಲ್ಲ. ಮುಂದೆ ಕೂತಿದ್ದ, ತುಟಿ ಅಲುಗಿಸುತ್ತಿದ್ದ ಒಬ್ಬಳ ಕಣ್ಣನ್ನು ನೋಡಿ ತಲೆಯಾಡಿಸಿದೆ, ಹೇಳು ತಾಯಿ ಎಂಬಂತೆ.

ಅವಳು ಚಿತ್ರವನ್ನು ಕಣ್ಣಿಟ್ಟು ನೋಡಿದಳು. ಒಂದೊಂದೇ ಮಾತು ಹುಡುಕಿ ಹೇಳಿದಳು, ಅವನು ಮಾವಿನಹಣ್ಣು ತಿನ್ನುತ್ತಿದ್ದಾನೆ ಎಂದು. ಸರಿಯಾಗಿ.

ಚೈತ್ರಾ ಮುಂದಿನ ಚಿತ್ರ ಕೈಗೆತ್ತಿಕೊಂಡು, "ಅಜ್ಜಿ, ಇನ್ನು ಬಿಡು" ಎಂದು ಪಿಸುಗುಟ್ಟಿದಳು. ಮುನೆಂಕಟಪ್ಪಣ್ಣನ ಮೀಸೆಯ ಮೇಲಿಂದ ಕೈ ತೆಗೆಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.